ಚಿಪ್ಪಿನೊಳಗಿನ ಕಡಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳಿ ನಕ್ಕುಬಿಡಬಲ್ಲ ಪ್ರಾಣಿಯೊಂದು ಲೋಕದಲ್ಲಿದ್ದರೆ ಅದು ಸನ್ಯಾಸಿ ಏಡಿ. ಅದು ಎಂದೂ ಮನೆ ಕಟ್ಟುವುದಿಲ್ಲ. ಶಂಖದ ಹುಳು ಸತ್ತು ಬರಿದಾದ ಚಿಪ್ಪನ್ನು ಹುಡುಕಿ, ಹಿಂದುಹಿಂದಾಗಿ ಒಳಹೊಕ್ಕು, ಅದನ್ನೇ ಬೆನ್ನಮೇಲೆ ಹೊತ್ತು ನಡೆಯುತ್ತದೆ. ಮೈ ಬೆಳೆದು ಮನೆ ಇಕ್ಕಟ್ಟಾದಾಗ ಬಾಡಿಗೆಯ ಕಾಟವಿಲ್ಲದ ಮತ್ತೊಂದು ಚಿಪ್ಪಿಗೆ ಬಿಡಾರವನ್ನು ಬದಲಾಯಿಸುತ್ತದೆ. ಗುಹೆ ಸೇರಿದ ಒಂಟಿ ತಪಸ್ವಿಯಂತೆ ಕಂಡಿತೆಂದು ಇಂಗ್ಲಿಷರು ಇದನ್ನು 'ಹರ್ಮಿಟ್ ಕ್ರ್ಯಾಬ್' ಎಂದು ಕರೆದರು. ಕನ್ನಡದಲ್ಲಿಯೂ ಅದು ಸನ್ಯಾಸಿಯಾಯಿತು. ಆದರೆ ನೆಲದ ಮೇಲೆ ಬಾಳುವ ಸನ್ಯಾಸಿ ಏಡಿಗಳ ಕುಲಕ್ಕೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾತ್ರೆಯ್ 1829ರಲ್ಲಿ ಇಟ್ಟ ಶಾಸ್ತ್ರೀಯ ನಾಮ 'ಸೀನೊಬೈಟ'. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಮಠದಲ್ಲಿ ಹತ್ತು ಜನರೊಡನೆ ಕೂಡಿ ಬಾಳುವ ಯತಿ ಎಂದು ಅರ್ಥ. ಈ ಹೆಸರೇ ಹೆಚ್ಚು ನಿಜವಾದುದು. ಕಡಲ ದಂಡೆಯ ಬೇರುಗಳ ಸಂದಿಯಲ್ಲಿ, ಒಣಗಿದೆಲೆಗಳ ಅಡಿಯಲ್ಲಿ ಈ ಪ್ರಾಣಿಗಳು ನೂರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಹಗಲನ್ನು ಕಳೆಯುತ್ತವೆ.

ಈ ಮಠವಾಸಿ ಈಗ ಮಠವನ್ನು ಬಿಟ್ಟು ಮಕ್ಕಳ ಓದುವ ಮೇಜಿನ ಮೇಲೆ ಬಂದು ಕುಳಿತಿದೆ. ಅಮೆರಿಕದ ಪೂರ್ವ ಕರಾವಳಿಯ ವಿಹಾರಸ್ಥಳಗಳಾದ ಮೇರಿಲ್ಯಾಂಡಿನ ಓಷನ್ ಸಿಟಿ, ನ್ಯೂಜರ್ಸಿಯ ವೈಲ್ಡ್‌ವುಡ್ ಮೊದಲಾದ ಊರುಗಳಲ್ಲಿ ಕಡಲ ಪಕ್ಕದಲ್ಲಿಯೇ ಮರದ ಹಲಗೆ ಹಾಸಿದ ಉದ್ದನೆಯ ದಾರಿಗಳುಂಟು. ಅಲ್ಲಿನ ಅಂಗಡಿಗಳಲ್ಲಿ ಮಿಠಾಯಿ, ಟೋಪಿ, ಗಾಳಿಪಟಗಳ ಜೊತೆಗೆ ಜೀವಂತ ಸನ್ಯಾಸಿ ಏಡಿಗಳೂ ಮಾರಾಟಕ್ಕಿರುತ್ತವೆ. ಈ ವ್ಯಾಪಾರ 1970ರ ದಶಕದಿಂದೀಚೆಗೆ ಬೆಳೆದದ್ದು. ಹಸಿರು, ಕೆಂಪು, ಹಳದಿ ಬಣ್ಣ ಬಳಿದ ಚಿಪ್ಪುಗಳನ್ನು ಹೊತ್ತು ಅವು ತಂತಿಯ ಪಂಜರವನ್ನು ಹತ್ತುವುದನ್ನು ನೋಡಿ ಮೋಹಗೊಳ್ಳದ ಮಗುವಿಲ್ಲ. ನ್ಯೂಜರ್ಸಿಯಲ್ಲಿರುವ ಇನ್ನೊಂದು ಓಷನ್ ಸಿಟಿಯಲ್ಲಿಯಂತೂ 'ಮಿಸ್ ಕ್ರಸ್ಟೇಷಿಯನ್' ಎಂಬ ಹೆಸರಿನಲ್ಲಿ ಈ ಏಡಿಗಳ ಸೌಂದರ್ಯಸ್ಪರ್ಧೆಯೇ ನಡೆದುಬಂದಿದೆ.

ನ್ಯೂಜರ್ಸಿಯಲ್ಲಿ ಕನ್ನಡ ಸಂಸಾರಗಳಿಗೂ ಕೊರತೆಯಿಲ್ಲ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಜುಲೈ ತಿಂಗಳ ರಜೆಯಲ್ಲಿ ಕಡಲ ತೀರಕ್ಕೆ ಹೋದ ಎಂಟು ವರ್ಷದ ಹುಡುಗ ಅತ್ತು ಕರೆದು ಒಂದು ಏಡಿಯನ್ನು ಕೊಡಿಸಿಕೊಂಡು ಬರುತ್ತಾನೆ. ಅಂಗಡಿಯವನು ಏಡಿಯ ಜೊತೆಗೆ ಒಂದು ತಂತಿಯ ಪಂಜರ, ಒಂದು ಹಿಡಿ ಬಣ್ಣದ ಕಲ್ಲು, ಒಂದು ಸ್ಪಂಜಿನ ತುಂಡು ಕೊಟ್ಟು, "ಇದಕ್ಕೆ ಹೆಚ್ಚಿನ ಆರೈಕೆಯೇನೂ ಬೇಕಿಲ್ಲ, ಸ್ಪಂಜನ್ನು ಒದ್ದೆಯಾಗಿಟ್ಟರೆ ಸಾಕು" ಎನ್ನುತ್ತಾನೆ. ಏಡಿ ಬೇಸಗೆಯೆಲ್ಲ ಲವಲವಿಕೆಯಿಂದ ಓಡಾಡುತ್ತದೆ. ನವೆಂಬರ್ ಬರುತ್ತಲೂ ಮಂಕಾಗುತ್ತದೆ. ಜನವರಿಯ ಒಂದು ಬೆಳಿಗ್ಗೆ ಚಿಪ್ಪಿನಿಂದ ಅರ್ಧ ಹೊರಗೆ ಜೋತುಬಿದ್ದಿರುತ್ತದೆ. "ಪಾಪ, ಚಳಿಗೆ ಸತ್ತಿತು" ಎನ್ನುತ್ತಾರೆ ತಂದೆ. "ಇವುಗಳ ಆಯುಸ್ಸೇ ಅಷ್ಟು, ಅಳಬೇಡ ಮಗು" ಎನ್ನುತ್ತಾರೆ ತಾಯಿ.

ಎರಡು ಮಾತೂ ತಪ್ಪು. ಆ ಮನೆಯಲ್ಲಿ ಚಳಿಯಿರಲಿಲ್ಲ. ಯಂತ್ರವು ಹಗಲಿರುಳೂ ಕೊಠಡಿಯನ್ನು ಬೆಚ್ಚಗಿಟ್ಟಿತ್ತು. ಆಯುಸ್ಸಿನ ಮಾತಾದರೋ, ಇದೇ ಜಾತಿಯ ಏಡಿ ಒಳ್ಳೆಯ ಆರೈಕೆಯಲ್ಲಿ 30 ವರ್ಷಕ್ಕೂ ಮೇಲ್ಪಟ್ಟು ಬಾಳಿರುವುದುಂಟು. ಹುಡುಗನ ಏಡಿ ಸತ್ತದ್ದು ಉಸಿರು ಕಟ್ಟಿ. ನಾಲ್ಕು ಕಡೆಯೂ ಗಾಳಿಯಾಡುವ ಪಂಜರದಲ್ಲಿ ಉಸಿರು ಕಟ್ಟುವುದೆಂದರೇನು? ಅದನ್ನು ತಿಳಿಯಬೇಕಾದರೆ ಈ ಪ್ರಾಣಿಯ ಹುಟ್ಟನ್ನು ಸ್ವಲ್ಪ ವಿಚಾರಿಸಬೇಕು.

ಅಮೆರಿಕದ ಅಂಗಡಿಗಳಲ್ಲಿ ಹೆಚ್ಚಾಗಿ ಮಾರುವುದು ಕೆರಿಬಿಯನ್ ದ್ವೀಪಗಳ 'ಸೀನೊಬೈಟ ಕ್ಲಿಪಿಯೇಟಸ್' ಎಂಬ ಜಾತಿ. ಎಡಗಡೆಯ ದೊಡ್ಡ ಕೊಂಡಿಯ ನೇರಳೆ ಬಣ್ಣದಿಂದ ಇದನ್ನು ಗುರುತಿಸಬಹುದು. ಬೆಳೆದ ಏಡಿ ವಾಸಿಸುವುದು ನೆಲದ ಮೇಲೆ, ಕೆಲವೊಮ್ಮೆ ಕಡಲಿನಿಂದ ಬಹುದೂರ. ಆದರೆ ಸಂತಾನಕಾಲ ಒದಗಿದಾಗ ಹೆಣ್ಣು ಏಡಿಗಳು ದಂಡೆಗೆ ಇಳಿದು ಬಂದು ಮೊಟ್ಟೆಗಳನ್ನು ಕಡಲ ನೀರಿಗೆ ಒಪ್ಪಿಸುತ್ತವೆ. ಅಲ್ಲಿ ಒಡೆದು ಬಂದ ಮರಿಗಳು ವಾರಗಟ್ಟಲೆ ಅಲೆಗಳ ನಡುವೆ ತೇಲಿ, ರೂಪದಿಂದ ರೂಪಕ್ಕೆ ಮಾರ್ಪಟ್ಟು, ಕಡೆಗೊಮ್ಮೆ ಕಾಳಿನಷ್ಟು ಸಣ್ಣದೊಂದು ಚಿಪ್ಪನ್ನು ಹುಡುಕಿ ಹೊಕ್ಕು ದಡಕ್ಕೆ ಹತ್ತುತ್ತವೆ. ಡಚ್ ವಿಜ್ಞಾನಿ ಡಿ ವಿಲ್ಡೆ ಕುರಸಾವ್ ದ್ವೀಪದಲ್ಲಿ ಈ ಜಾತಿಯನ್ನು ಅಭ್ಯಾಸ ಮಾಡಿ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂತಾನದ ಜೊತೆಗೆ ಮುಖ್ಯವಾಗಿ ವಿಚಾರ ಮಾಡಿದ್ದು, ನೆಲಕ್ಕೆ ಬಂದ ಈ ಜೀವಿ ತನ್ನ ಮೈಯ ನೀರನ್ನೂ ಉಪ್ಪನ್ನೂ ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದನ್ನೇ.

ನೆಲಕ್ಕೆ ಬಂದರೂ ಅದು ಕಡಲನ್ನು ಪೂರ್ತಿಯಾಗಿ ಬಿಟ್ಟು ಬಂದಿಲ್ಲ. ಮೀನಿಗಿರುವಂತೆ ಇದಕ್ಕೂ ಉಸಿರಾಟಕ್ಕೆ ಕಿವಿರುಗಳೇ ಇವೆ. ಅವು ಗಾತ್ರದಲ್ಲಿ ಕಿರಿದಾಗಿ, ಗಾಳಿಗೆ ಸ್ವಲ್ಪಮಟ್ಟಿಗೆ ಹೊಂದಿಕೊಂಡಿವೆ. ಮೆತ್ತನೆಯ ಹೊಟ್ಟೆಯ ಚರ್ಮವೂ ಉಸಿರಾಟಕ್ಕೆ ನೆರವಾಗುತ್ತದೆ. ಆದರೆ ಗಾಳಿಯಲ್ಲಿರುವ ಆಮ್ಲಜನಕವು ಒಣಗಿದ ಕಿವಿರಿನ ಮೂಲಕ ಒಳಹೋಗಲಾರದು. ಕಿವಿರಿನ ಮೇಲೆ ಸದಾ ತೆಳುವಾದ ನೀರಿನ ಪೊರೆಯೊಂದು ಇರಬೇಕು. ಆ ಪೊರೆಯಲ್ಲಿ ಕರಗಿದ ಆಮ್ಲಜನಕವಷ್ಟೇ ರಕ್ತಕ್ಕೆ ಸೇರುತ್ತದೆ. ಅದಕ್ಕಾಗಿಯೇ ಈ ಏಡಿ ಚಿಪ್ಪಿನ ಸುರುಳಿಯ ಒಳಗೆ ಸ್ವಲ್ಪ ನೀರನ್ನು ಸದಾ ಹೊತ್ತು ತಿರುಗುತ್ತದೆ. ನೀರಿನ ಹೊಂಡ ಕಂಡಾಗ ಕೊಂಡಿಯಿಂದ ನೀರನ್ನು ಬಾಯಿಗೂ ಚಿಪ್ಪಿಗೂ ತೆಗೆದುಕೊಳ್ಳುತ್ತದೆ. ದಾರಿಗೆ ತಂಬಿಗೆಯಲ್ಲಿ ನೀರು ಕೊಂಡೊಯ್ಯುವ ಯಾತ್ರಿಕನಂತೆ ಅದು ತನ್ನ ಪಾಲಿನ ಕಡಲನ್ನು ಬೆನ್ನಮೇಲೆ ಕೊಂಡೊಯ್ಯುತ್ತದೆ ಎನ್ನಬಹುದು. ಹಾಗೆಂದು ಅದನ್ನು ಹಿಡಿದು ನೀರಿನಲ್ಲಿ ಮುಳುಗಿಸಿಟ್ಟರೆ ಬದುಕಲಾರದು. ತುಂಬಿದ ನೀರೂ ಅದಕ್ಕೆ ಸಾವು, ಒಣಗಿದ ಗಾಳಿಯೂ ಸಾವು. ಎರಡರ ನಡುವಿನ ಕಿರಿದಾದ ಗಡಿಯೇ ಅದರ ನಾಡು, ಮತ್ತು ಆ ಗಡಿಯ ಹೆಸರು ಆರ್ದ್ರತೆ.

ಆರ್ದ್ರತೆಯೆಂದರೆ ಗಾಳಿಯಲ್ಲಿ ಬೆರೆತ ನೀರಾವಿಯ ಪ್ರಮಾಣ. ಗಾಳಿಯನ್ನು ಒಂದು ಪಾತ್ರೆಯೆಂದು ಭಾವಿಸಿದರೆ, ಅದು ಕಾದಷ್ಟೂ ದೊಡ್ಡದಾಗುವ ವಿಚಿತ್ರ ಪಾತ್ರೆ. 20 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಈ ಪಾತ್ರೆ ಎಷ್ಟು ಪಾಲು ತುಂಬಿದೆಯೆಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದೇ ಸಾಪೇಕ್ಷ ಆರ್ದ್ರತೆ. ನೀರು ಅಷ್ಟೇ ಇದ್ದು ಪಾತ್ರೆ ಮಾತ್ರ ದೊಡ್ಡದಾದರೆ ತುಂಬಿದ ಪಾಲು ಕಡಮೆಯಾಗುತ್ತದೆ. ತುಂಬದೆ ಉಳಿದ ಗಾಳಿಯು ಬಾಯಾರಿದವನಂತೆ ಕಂಡಕಂಡಲ್ಲಿಂದ ನೀರನ್ನು ಹೀರುತ್ತದೆ. ಫಾಲ್ಗುಣದ ಬಿಸಿಲಿನಲ್ಲಿ ಮಹಡಿಯ ಮೇಲೆ ಹರಡಿದ ಹಪ್ಪಳ ಒಂದೇ ಹಗಲಿನಲ್ಲಿ ಗರಿಗರಿಯಾಗುವುದೂ, ಆಷಾಢದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಹಸಿಯಾಗಿರುವುದೂ ಈ ಕಾರಣದಿಂದಲೇ.

ಸನ್ಯಾಸಿ ಏಡಿಗೆ 24ರಿಂದ 29 ಡಿಗ್ರಿಯವರೆಗಿನ ಬೆಚ್ಚನೆಯ ಗಾಳಿ ಬೇಕು. ಆ ಗಾಳಿಯ ಪಾತ್ರೆ ಸುಮಾರು ಶೇಕಡಾ 80ರಷ್ಟು ತುಂಬಿರಬೇಕು. ಶೇಕಡಾ 75ಕ್ಕಿಂತ ಕೆಳಗೆ ಬಹುಕಾಲ ಇಳಿದರೆ ಚಿಪ್ಪಿನೊಳಗಿನ ನೀರು ಆರತೊಡಗುತ್ತದೆ, ಕಿವಿರಿನ ಪೊರೆ ಒಣಗತೊಡಗುತ್ತದೆ. ಇನ್ನು ಆ ಹುಡುಗನ ಮನೆಯ ಲೆಕ್ಕವನ್ನು ನೋಡಬಹುದು. ಜನವರಿಯಲ್ಲಿ ಹೊರಗೆ ಸೊನ್ನೆ ಡಿಗ್ರಿ. ಆ ಚಳಿಯಲ್ಲಿ ಗಾಳಿ ಪೂರ್ತಿ ತುಂಬಿದ್ದರೂ ಅದು ಹಿಡಿದಿರುವುದು ಘನ ಮೀಟರಿಗೆ 5 ಗ್ರಾಂನಷ್ಟೇ ನೀರು. ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಕಾದಾಗ ಪಾತ್ರೆ 18 ಗ್ರಾಂ ಹಿಡಿಯುವಷ್ಟು ದೊಡ್ಡದಾಗುತ್ತದೆ. ಒಳಗಿರುವುದು ಮಾತ್ರ ಅದೇ 5 ಗ್ರಾಂ. ಎಂದರೆ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯಿತು. ಏಡಿಗೆ ಚಳಿಯಾದೀತೆಂದು ಮರುಕಗೊಂಡು ಪಂಜರದ ಮೇಲೊಂದು ಬಿಸಿ ದೀಪವನ್ನು ತೂಗಿಬಿಟ್ಟರೆ ಅದು ಶೇಕಡಾ 20ಕ್ಕೂ ಇಳಿಯುತ್ತದೆ. ಬೇಸಗೆಯಲ್ಲಿ ಕಡಲ ಕಡೆಯ ತೇವದ ಗಾಳಿ ಪಂಜರದ ದೋಷವನ್ನು ಮುಚ್ಚಿಟ್ಟಿತ್ತು. ಚಳಿಗಾಲ ಅದನ್ನು ಬಯಲಿಗೆಳೆಯಿತು. ಒಣಗುವ ಏಡಿ ಒಂದೇ ದಿನದಲ್ಲಿ ಸಾಯುವುದಿಲ್ಲ. ಅದಕ್ಕೆ ಕೂಗಲು ಕಂಠವೂ ಇಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಸದ್ದಿಲ್ಲದೆ ಉಸಿರಿಗಾಗಿ ಹೆಣಗುತ್ತದೆ. ಅದು ಅಲುಗದೆ ಕುಳಿತದ್ದನ್ನು ಕಂಡು ಮನೆಯವರು, "ಎಷ್ಟು ಸಾಧುಪ್ರಾಣಿ!" ಎಂದು ಮೆಚ್ಚಿಕೊಳ್ಳುತ್ತಾರೆ.

ಆದುದರಿಂದ ಏಡಿಯನ್ನು ಸಾಕುವ ಮನೆಗೆ ಮೊದಲು ಬರಬೇಕಾದದ್ದು ಆರ್ದ್ರತಾಮಾಪಕ. ಈ ಉಪಕರಣಕ್ಕೆ ಒಂದು ಸೊಗಸಾದ ಇತಿಹಾಸವುಂಟು. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಮನುಷ್ಯನ ತಲೆಗೂದಲಿನಿಂದ ಇದನ್ನು ರಚಿಸಿದ. ತೇವದಲ್ಲಿ ಕೂದಲು ಉದ್ದವಾಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಆ ಚಲನೆಯಿಂದ ಮುಳ್ಳು ತಿರುಗುತ್ತದೆ. ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಾಪಕಗಳು ಕಡಮೆ ಬೆಲೆಗೆ ದೊರೆಯುತ್ತವೆ, ಅಂಕಿಗಳನ್ನೇ ತೋರಿಸುವ ಎಲೆಕ್ಟ್ರಾನಿಕ್ ಮಾಪಕಗಳೂ ಉಂಟು. ಆದರೆ ಅಗ್ಗದ ಮಾಪಕ ಹತ್ತು ಅಂಶ ಅತ್ತಿತ್ತ ಸುಳ್ಳು ಹೇಳುವುದು ಅಪರೂಪವಲ್ಲ. ಶೇಕಡಾ 80 ಎಂದು ಅದು ತೋರಿಸುತ್ತಿರುವಾಗ ನಿಜವಾಗಿ 70 ಇದ್ದರೆ, ಯಜಮಾನನ ನೆಮ್ಮದಿಯೇ ಏಡಿಗೆ ಮುಳುವಾದೀತು.

ಈ ಸುಳ್ಳನ್ನು ಹಿಡಿಯುವ ಸಾಕ್ಷಿ ಪ್ರತಿಯೊಂದು ಅಡಿಗೆಮನೆಯಲ್ಲಿಯೂ ಇದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಕಾಣದ ಗೃಹಿಣಿಯಿಲ್ಲ. ಶುದ್ಧವಾದ ಉಪ್ಪು ಗಾಳಿಯಿಂದ ನೀರನ್ನು ಹೀರಿ ಕರಗತೊಡಗುವುದು ಆರ್ದ್ರತೆ ಶೇಕಡಾ 75ನ್ನು ದಾಟಿದಾಗ. ಅದಕ್ಕಿಂತ ಒಣಗಿದ ಗಾಳಿಗೆ ಒದ್ದೆ ಉಪ್ಪು ತನ್ನ ನೀರನ್ನು ಬಿಟ್ಟುಕೊಡುತ್ತದೆ. ಮುಚ್ಚಿದ ಜಾಗದಲ್ಲಿ ಒದ್ದೆ ಉಪ್ಪಿದ್ದರೆ ಈ ಕೊಡುಕೊಳ್ಳುವಿಕೆ ನಡೆದು ಗಾಳಿ ಸರಿಯಾಗಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಆದುದರಿಂದ ಸೀಸೆಯ ಮುಚ್ಚಳವೊಂದರಲ್ಲಿ ಪುಡಿಯುಪ್ಪನ್ನು ತುಂಬಿ, ಅದು ಕರಗಿ ಹೋಗದೆ ಒದ್ದೆ ಮರಳಿನಂತಾಗುವಷ್ಟು ಮಾತ್ರ ಕೆಲವು ತೊಟ್ಟು ನೀರು ಬೆರಸಿ, ಅದನ್ನೂ ಮಾಪಕವನ್ನೂ ಒಂದು ಭದ್ರವಾದ ಡಬ್ಬಿಯಲ್ಲಿ ಜೊತೆಯಾಗಿಟ್ಟು ಮುಚ್ಚಿ, ರಾತ್ರಿಯೆಲ್ಲ ಬಿಡಬೇಕು. ಉಪ್ಪು ಮಾಪಕಕ್ಕೆ ತಾಗಬಾರದು. ಬೆಳಿಗ್ಗೆ ಮಾಪಕ 75 ತೋರಿಸಿದರೆ ಅದು ಸತ್ಯವಂತ. 70 ತೋರಿಸಿದರೆ ಅದು ಹೇಳಿದ ಅಂಕಿಗೆ ಸದಾ 5ನ್ನು ಕೂಡಬೇಕು. 80 ತೋರಿಸಿದರೆ 5ನ್ನು ಕಳೆಯಬೇಕು. ಉಪ್ಪು ಎಲ್ಲಿ ಬೆವರತೊಡಗುತ್ತದೆಯೋ ಅಲ್ಲಿ ಏಡಿಯ ಉಸಿರು ಸಲೀಸಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಅಂಕಿಯೂ ಮರೆಯದು.

ಎರಡನೆಯದಾಗಿ, ವಾಸಸ್ಥಾನ. ತಂತಿಯ ಪಂಜರವನ್ನು ಎಷ್ಟು ಸಲ ತೋಯಿಸಿದರೂ ಆರ್ದ್ರತೆ ಅದರಲ್ಲಿ ನಿಲ್ಲುವುದಿಲ್ಲ. ಅದು ಜರಡಿಯಲ್ಲಿ ನೀರು ತುಂಬಿದಂತೆ. ಮೀನು ಸಾಕುವ ಗಾಜಿನ ತೊಟ್ಟಿಯೇ ಇದಕ್ಕೆ ತಕ್ಕದ್ದು. ಅದಕ್ಕೆ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮುಚ್ಚಳ ಬೇಕು. ಜಾಲರಿಯ ಮುಚ್ಚಳವಿದ್ದರೆ ಅದರ ಬಹುಭಾಗವನ್ನು ಗಾಜಿನಿಂದ ಮುಚ್ಚಬೇಕು. ಇಲ್ಲಿ ತಾಯಂದಿರ ಕರುಳು ಹಿಂಜರಿಯುತ್ತದೆ: ಮುಚ್ಚಿದರೆ ಉಸಿರು ಕಟ್ಟುವುದಿಲ್ಲವೆ? ಪ್ರಶ್ನೆ ಸಹಜವಾದದ್ದೇ. ಆದರೆ ಮನುಷ್ಯನ ಶ್ವಾಸಕೋಶ ಮೈಯೊಳಗೆ ತೇವದಲ್ಲಿ ಅಡಗಿದೆ. ಆ ತೇವವನ್ನು ಏಡಿ ಹೊರಗಿನಿಂದ ಪಡೆಯಬೇಕು. ಒಂದೆರಡು ಅಂಗೈ ಗಾತ್ರದ ಪ್ರಾಣಿಗೆ ಬೇಕಾದ ಆಮ್ಲಜನಕ ಅತ್ಯಲ್ಪ. ಮುಚ್ಚಳದ ಸಂದಿಯಲ್ಲಿ ನುಸುಳುವ ಗಾಳಿ, ದಿನಕ್ಕೊಮ್ಮೆ ಆಹಾರವಿಡಲು ಮುಚ್ಚಳ ತೆರೆದಾಗ ಬರುವ ಗಾಳಿ, ಇಷ್ಟು ಧಾರಾಳವಾಗಿ ಸಾಕು. ಅದಕ್ಕೆ ಸಾಲದೆ ಹೋಗುವುದು ನೀರಾವಿ.

ಮೂರನೆಯದು ಮರಳು. ಬಣ್ಣದ ಕಲ್ಲು ಕಣ್ಣಿಗೆ ಚೆಂದ, ಏಡಿಗೆ ನಿರರ್ಥಕ. ತೊಳೆದ ನುಣ್ಣನೆಯ ಮರಳು ಐದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು, ಅಷ್ಟು ಒದ್ದೆ ಮಾಡಬೇಕು. ಕಡಲ ದಂಡೆಯಲ್ಲಿ ಮಕ್ಕಳು ಗುಬ್ಬಚ್ಚಿಗೂಡು ಕಟ್ಟುವ ಮರಳಿನ ಹದವೇ ಈ ಹದ. ಇದನ್ನು ಕಡಮೆಯೆಂದರೆ 15 ಸೆಂಟಿಮೀಟರ್ ಆಳಕ್ಕೆ ತುಂಬಬೇಕು. ಏಡಿ ದೊಡ್ಡದಾಗಿದ್ದರೆ ಅದರ ಎತ್ತರದ ಮೂರರಷ್ಟು. ಈ ಮರಳಿನ ಹಾಸಿಗೆಯೇ ತೊಟ್ಟಿಯ ಕೆರೆ. ಹಗಲಿರುಳೂ ಅದು ಮೆಲ್ಲಮೆಲ್ಲನೆ ಪಸೆಯನ್ನು ಗಾಳಿಗೆ ಬಿಡುತ್ತಿರುತ್ತದೆ.

ನಾಲ್ಕನೆಯದು ನೀರು. ಎರಡು ಪಾತ್ರೆಗಳಿರಬೇಕು, ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಏಡಿಗೆ ಎರಡೂ ಬೇಕು. ಯಾವುದರಿಂದ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ಅದು ತಾನೇ ಬಲ್ಲುದು. ಪಾತ್ರೆ ಅದು ಇಳಿದು ಮೀಯುವಷ್ಟು ಆಳವಾಗಿರಬೇಕು, ಹತ್ತಿ ಬರಲು ಒರಟು ಕಲ್ಲೋ ಬಲೆಯೋ ಇರಬೇಕು. ನಲ್ಲಿಯ ನೀರಿನ ಕ್ಲೋರಿನ್ನನ್ನು ಮೀನು ಸಾಕುವವರು ಬಳಸುವ ಔಷಧಿಯಿಂದ ಮೊದಲು ನಿವಾರಿಸಬೇಕು. ಉಪ್ಪುನೀರಿಗೂ ಊಟದ ಉಪ್ಪು ಸಲ್ಲದು. ಕಡಲ ಮೀನಿನ ತೊಟ್ಟಿಗೆಂದೇ ತಯಾರಾದ ಲವಣಮಿಶ್ರಣವೇ ಬೇಕು. ಮಾಪಕ ಪರೀಕ್ಷೆಗೆ ನೆರವಾದ ಅಡಿಗೆಯ ಉಪ್ಪು ಇಲ್ಲಿ ನೆರವಾಗದು, ಏಕೆಂದರೆ ಕಡಲೆಂದರೆ ಬರಿಯ ಉಪ್ಪಲ್ಲ, ಹಲವು ಲವಣಗಳ ಪಾಕ. ಅಂಗಡಿಯವನು ಕೊಟ್ಟ ಸ್ಪಂಜು ಮಾತ್ರ ಬೇಡ. ಒಂದೆರಡು ದಿನಗಳಲ್ಲಿ ಅದು ರೋಗಾಣುಗಳ ಛತ್ರವಾಗುತ್ತದೆ. ಅದರ ಬದಲಿಗೆ ಒದ್ದೆ ಮಾಡಿದ ಒಣಪಾಚಿಯನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದರೆ ತೇವವೂ ಉಳಿಯುತ್ತದೆ, ಏಡಿಗೆ ಅಡಗಲು ಮರೆಯೂ ಆಗುತ್ತದೆ.

ಐದನೆಯದು ಶಾಖ. ಬಿಸಿ ದೀಪ ಗಾಳಿಯ ಪಾತ್ರೆಯನ್ನು ಹಿಗ್ಗಿಸಿ ತೇವವನ್ನು ಆರಿಸುತ್ತದೆಂಬುದನ್ನು ಆಗಲೇ ನೋಡಿದ್ದಾಯಿತು. ತೊಟ್ಟಿಯ ಅಡಿಯಲ್ಲಿ ಶಾಖವಿಟ್ಟರೆ ಮರಳಿನಲ್ಲಿ ಹುದುಗಿದ ಏಡಿಗೆ ಅಪಾಯ. ತೊಟ್ಟಿಯ ಹಿಂಬದಿಯ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ, ತೆಳುವಾದ ಶಾಖದ ಹಾಳೆಯನ್ನು ಅಂಟಿಸುವುದೇ ಉಚಿತವಾದ ಮಾರ್ಗ. ಶಾಖ ಹೆಚ್ಚಿಸಿದಾಗಲೆಲ್ಲ ಆರ್ದ್ರತೆಯನ್ನೂ ನೋಡಬೇಕು. ಈ ಎರಡೂ ಜೋಡೆತ್ತುಗಳು. ಒಂದನ್ನೇ ಓಡಿಸಿದರೆ ಗಾಡಿ ಮಗುಚುತ್ತದೆ.

ಮಾಪಕದ ಮುಳ್ಳು ಇಳಿದಾಗ ಅನೇಕರು ಮೊದಲು ಮಾಡುವ ಕೆಲಸವೆಂದರೆ ನೀರು ಚಿಮುಕಿಸುವುದು. ಅದು ಹಸಿದವನ ಬಾಯಿಗೆ ಒಂದು ಅಗುಳು ಹಾಕಿದಂತೆ. ಮುಳ್ಳು ಗಳಿಗೆಯಲ್ಲಿ ಏರುತ್ತದೆ, ಗಂಟೆಯೊಳಗೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಚಿಮುಕಿಸಿದ ನೀರು ಮಾತ್ರ ಕೆಳಗಿಳಿದು ಮರಳಿನ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಮುಳ್ಳು ಇಳಿದರೆ ಹುಡುಕಬೇಕಾದದ್ದು ಕಾರಣವನ್ನು. ಮುಚ್ಚಳ ಎಲ್ಲಿ ಸಡಿಲವಾಗಿದೆ? ಮರಳಿನ ಮೇಲ್ಪದರ ಒಣಗಿದೆಯೆ? ನೀರಿನ ಪಾತ್ರೆ ತೀರ ಚಿಕ್ಕದಾಯಿತೆ? ಪಾತ್ರೆಯನ್ನು ಅಗಲ ಮಾಡಿದರೆ, ಅಥವಾ ಮೀನಿನ ತೊಟ್ಟಿಯ ಗಾಳಿಯಂತ್ರದಿಂದ ನೀರಿನಲ್ಲಿ ಗುಳ್ಳೆಯೆಬ್ಬಿಸಿದರೆ, ಆರ್ದ್ರತೆ ತಾನಾಗಿಯೇ ಏರಿ ನಿಲ್ಲುತ್ತದೆ.

ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಶೇಕಡಾ 90ಕ್ಕೂ ಮೇಲೆ ಸದಾ ನಿಂತು, ಗಾಜಿನಿಂದ ನೀರು ಧಾರೆಯಾಗಿ ಇಳಿಯುತ್ತಿದ್ದರೆ, ಆ ನೀರೆಲ್ಲ ಮರಳಿನ ತಳಕ್ಕೆ ಸೇರಿ ಅಲ್ಲಿ ಗಾಳಿಯಿಲ್ಲದ ಕೊಳಕು ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮರಳು ಕೆಟ್ಟಿತೆಂದೇ ತಿಳಿಯಬೇಕು. ತೊಟ್ಟಿಯ ತಳದಲ್ಲಿ ನೀರು ನಿಂತದ್ದು ಗಾಜಿನ ಮೂಲಕ ಕಾಣುವಂತಿದ್ದರೆ ಹೊಸ ಮರಳನ್ನು ತುಂಬುವುದೇ ಕ್ಷೇಮ. ಅಷ್ಟು ಕೆಡುವ ಮೊದಲೇ ದಿನಕ್ಕೆ ಹತ್ತು ಹದಿನೈದು ನಿಮಿಷ ಮುಚ್ಚಳವನ್ನು ಓರೆಯಾಗಿ ತೆರೆದಿಟ್ಟು ಹೆಚ್ಚಿನ ಆವಿಯನ್ನು ಹೊರಬಿಡಬಹುದು. ಆದರೆ ಗಾಜಿನ ಮೇಲೆ ಸ್ವಲ್ಪ ಮಂಜು ಕಂಡಮಾತ್ರಕ್ಕೆ ಗಾಬರಿ ಬೇಡ. ಕೊಠಡಿ ತಣ್ಣಗಿದ್ದು ತೊಟ್ಟಿ ಬೆಚ್ಚಗಿದ್ದರೆ ತಂಪು ಗಾಜಿಗೆ ತಾಗಿದ ಆವಿ ಹನಿಗಟ್ಟುವುದು ಸಹಜ. ಗಾಜಿನ ಹೊರಮೈಗೆ ದಪ್ಪವಾದ ಹೊದಿಕೆಯನ್ನು ಹೊದಿಸಿದರೆ ಅದು ಕಡಮೆಯಾಗುತ್ತದೆ. ಗಾಜಿನ ಹನಿಯನ್ನು ನಂಬುವುದಕ್ಕಿಂತ ಪರೀಕ್ಷಿಸಿದ ಮಾಪಕವನ್ನು ನಂಬುವುದು ಲೇಸು. ಉಳಿದ ಆಹಾರವನ್ನು ದಿನವೂ ತೆಗೆದರೆ ಬೂಷ್ಟಿನ ಕಾಟವೂ ತಗ್ಗುತ್ತದೆ.

ಇಷ್ಟೆಲ್ಲ ಏರ್ಪಾಟಿನ ಪರೀಕ್ಷೆ ನಡೆಯುವುದು ಏಡಿ ಪೊರೆ ಕಳಚುವಾಗ. ಬೆಳೆಯಬೇಕಾದರೆ ಅದು ಮೈಮೇಲಿನ ಗಟ್ಟಿ ಕವಚವನ್ನು ಕಳಚಲೇಬೇಕು. ಅದಕ್ಕಾಗಿ ಒದ್ದೆ ಮರಳಿನ ಆಳಕ್ಕೆ ಇಳಿದು, ತನ್ನ ಸುತ್ತ ಒಂದು ಪುಟ್ಟ ಗುಹೆಯನ್ನು ರಚಿಸಿಕೊಂಡು ಅದು ಕಣ್ಮರೆಯಾಗುತ್ತದೆ. ಹೆಸರಿಗೆ ತಕ್ಕ ಸನ್ಯಾಸವನ್ನು ಅದು ಆಚರಿಸುವುದು ಆಗಷ್ಟೆ. ಹಳೆಯ ಕವಚವನ್ನು ಬಿಟ್ಟು, ಅದನ್ನೇ ತಿಂದು ಸುಣ್ಣದ ಅಂಶವನ್ನು ಮರಳಿ ಪಡೆದು, ಹೊಸ ಕವಚ ಗಟ್ಟಿಯಾಗುವವರೆಗೆ ಅಲ್ಲಿಯೇ ಇರುತ್ತದೆ. ಸಣ್ಣ ಏಡಿಗೆ ಇದು ಕೆಲವು ವಾರಗಳ ಕೆಲಸ, ದೊಡ್ಡದಕ್ಕೆ ಹಲವು ತಿಂಗಳು ಹಿಡಿಯಬಹುದು. ಮರಳು ಒಣಗಿದ್ದರೆ ಗುಹೆ ಕುಸಿಯುತ್ತದೆ; ಕೆಸರಾಗಿದ್ದರೆ ಗುಹೆಯೊಳಗೆ ನೀರು ತುಂಬುತ್ತದೆ. ಹದವಾಗಿದ್ದರೆ ಮಾತ್ರ ಪುನರ್ಜನ್ಮ. ಈ ಕಾಲದಲ್ಲಿ ಕುತೂಹಲ ತಡೆಯಲಾರದೆ ಮರಳನ್ನು ಅಗೆದು ನೋಡುವುದು, ಇಲ್ಲವೆ ಸತ್ತಿತೆಂದು ಬಗೆದು ಎಸೆಯುವುದು, ಎಷ್ಟೋ ಮನೆಗಳಲ್ಲಿ ನಡೆಯುವ ಅಚಾತುರ್ಯ. ಕೊಳೆತ ಮೀನಿನಂಥ ಗಾಢವಾದ ದುರ್ವಾಸನೆ ಇಲ್ಲದಿದ್ದರೆ ಅದು ಬದುಕಿದೆಯೆಂದೇ ಭಾವಿಸಿ ಕಾಯಬೇಕು. ಕಾಯುವವನ ಕೆಲಸ ಒಂದೇ: ಮಾಪಕದ ಮುಳ್ಳು 80ರ ಬಳಿ ನಿಂತಿರುವಂತೆ ನೋಡಿಕೊಳ್ಳುವುದು.

ಒಂದು ಸಣ್ಣ ಏಡಿಗೆ ಇಷ್ಟು ಉಪಚಾರವೆ ಎಂದು ಯಾರಾದರೂ ಕೇಳಿಯಾರು. ಕೇಳುವವರು ಇನ್ನೊಂದು ಸಂಗತಿಯನ್ನೂ ತಿಳಿಯಬೇಕು. ಕೋಳಿ, ಮೊಲಗಳಂತೆ ಇವುಗಳನ್ನು ಮನೆಯಲ್ಲಿ ಹುಟ್ಟಿಸಿ ಮಾರುವುದಿಲ್ಲ. ಮರಿಗಳಿಗೆ ಕಡಲೇ ಬೇಕಾದ್ದರಿಂದ ತೊಟ್ಟಿಯಲ್ಲಿ ಇವುಗಳ ಸಂತಾನ ಬೆಳೆಸಿದ ಉದಾಹರಣೆಗಳು ಬಹಳ ವಿರಳ. ಅಂಗಡಿಯಲ್ಲಿರುವ ಏಡಿ ಯಾವುದೋ ದ್ವೀಪದ ದಂಡೆಯಿಂದ ಹಿಡಿದು ತಂದದ್ದೆಂದೇ ಹೇಳಬೇಕು. ಜಪಾನ್ ದೇಶವು 1970ರಲ್ಲಿಯೇ ತನ್ನ ನೆಲದ ಸನ್ಯಾಸಿ ಏಡಿಗಳನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿ ರಕ್ಷಣೆ ನೀಡಿತು. ಭಾರತದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿರುವ ಇವುಗಳ ದೊಡ್ಡ ದಾಯಾದಿ, ಬಲಿತ ಮೇಲೆ ಚಿಪ್ಪನ್ನೇ ತೊರೆದು ಬಾಳುವ ತೆಂಗಿನ ಏಡಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಆಶ್ರಯವಿದೆ. ಹಿಡಿಯದೆ ಬಿಡುವುದು ಮೊದಲ ಧರ್ಮ, ಕೊಳ್ಳದೆ ಬರುವುದು ಎರಡನೆಯದು. ಆದರೆ ಕೊಂಡು ತಂದದ್ದಾಗಿದ್ದರೆ, ಅದನ್ನು ಒಯ್ದು ನ್ಯೂಜರ್ಸಿಯ ಕಡಲ ದಂಡೆಯಲ್ಲಿ ಬಿಟ್ಟುಬಿಟ್ಟರೆ ಋಣ ತೀರುವುದಿಲ್ಲ. ಉಷ್ಣವಲಯದ ಆ ಪ್ರಾಣಿ ಅಲ್ಲಿಯ ಚಳಿಗಾಲವನ್ನು ದಾಟಲಾರದು. ಆಗ ಉಳಿಯುವುದು ಮೂರನೆಯ ಧರ್ಮ, ಅದರಿಂದ ಕಿತ್ತುಕೊಂಡ ಗಾಳಿಯನ್ನು ಅದಕ್ಕೆ ಹಿಂತಿರುಗಿಸುವುದು.

ಮೊದಲು ಹೇಳಿದ ಆ ಮನೆಗೆ ಮರಳಿ ಬಂದರೆ, ಮುಂದಿನ ಚಳಿಗಾಲದ ಚಿತ್ರ ಬೇರೆಯಾಗಿರಬಹುದು. ಪರಿಚಯದವರೊಬ್ಬರು ಊರು ಬಿಡುವಾಗ, ನೋಡಿಕೊಳ್ಳುವವರಿಲ್ಲದೆ ಉಳಿದ ಎರಡು ಏಡಿಗಳನ್ನು ಇವರಿಗೆ ಒಪ್ಪಿಸಿ ಹೋಗಿದ್ದಾರೆ. ಈ ಸಲ ಮೇಜಿನ ಮೇಲೆ ಪಂಜರವಿಲ್ಲ, ಗಾಜಿನ ತೊಟ್ಟಿಯಿದೆ. ತಾಯಿ ಅಡಿಗೆಮನೆಯ ಭರಣಿಯಿಂದ ಒಂದು ಚಮಚ ಉಪ್ಪು ತೆಗೆದು, ಮಾಪಕದೊಡನೆ ಡಬ್ಬಿಯಲ್ಲಿಟ್ಟು ಮುಚ್ಚುತ್ತಾರೆ. ಬೆಳಿಗ್ಗೆ ಹುಡುಗ ಡಬ್ಬಿಯತ್ತ ಓಡಿಬಂದು, "ಅಮ್ಮ, ಎಪ್ಪತ್ತೊಂದು ತೋರಿಸುತ್ತಿದೆ" ಎನ್ನುತ್ತಾನೆ.

"ಹಾಗಾದರೆ ಎಷ್ಟು ಕೂಡಬೇಕು?"

"ನಾಲ್ಕು."

ಅವನು ಆ 4ನ್ನು ಚೀಟಿಯಲ್ಲಿ ಬರೆದು ತೊಟ್ಟಿಯ ಗಾಜಿಗೆ ಅಂಟಿಸುತ್ತಾನೆ. ಹೊರಗೆ ಹಿಮ ಬೀಳುತ್ತಿದೆ. ತೊಟ್ಟಿಯೊಳಗೆ ಒಂದು ಏಡಿ ನೀರಿನ ಪಾತ್ರೆಯ ಅಂಚಿನಲ್ಲಿ ನಿಂತು ಕೊಂಡಿಯಿಂದ ನೀರೆತ್ತಿಕೊಳ್ಳುತ್ತಿದೆ. ಇನ್ನೊಂದು ಮರಳಿನಡಿ ಹೋಗಿ ಮೂರು ವಾರವಾಗಿದೆ. ಅದನ್ನು ಅಗೆದು ನೋಡಲು ಹುಡುಗನಿಗೆ ಬಹಳ ಆಸೆ. ಆದರೆ ಅವನು ಮುಚ್ಚಳವನ್ನು ಸರಿಯಾಗಿ ಕೂರಿಸಿ, ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ಹೊರಡುತ್ತಾನೆ.